ಹಾಲುಕ್ಕಿಸಲು ಹಾಕಿದ ಕನ್ನ

ಆಸ್ಟ್ರೇಲಿಯಾದ ಪರ್ತಿನಲ್ಲಿ ನನಗೆ ಮೊದಲು ಸಿಕ್ಕ ಕೆಲಸ ಕಳ್ಳನದು. ಕಳ್ಳತನದ್ದಲ್ಲ, ಕಳ್ಳನ ಪಾತ್ರದ್ದು. ಕೈದಿಗಳೇ ಕಲ್ಲು ಕಡಿದು ತಮಗಾಗಿ ಕಟ್ಟಿಕೊಂಡಿದ್ದ ಹಳೆಯ ಜೈಲೊಂದನ್ನು ಈಗ ಟಿಕೆಟ್ಟಿಟ್ಟು ತೋರಿಸುತ್ತಿದ್ದರು. ವಾರಾಂತ್ಯದಲ್ಲಿ ನಾನು ಮೈತುಂಬ ಕಪ್ಪು ಬಾಣದ ಗುರುತುಗಳಿದ್ದ ಒರಟು ಅಂಗಿ ಪೈಜಾಮ ತೊಟ್ಟು, ಇಂಗ್ಲೆಂಡಿನಲ್ಲಿ ಒಂದು ಮನೆಗೆ ಕನ್ನ ಹಾಕಿ ಶಿಕ್ಷೆಯಾಗಿ ಈ ದೇಶದ ಹಡಗು ಹತ್ತಿಸಿಕೊಂಡ ಹತ್ತೊಂಬತ್ತರ ಹುಡುಗನಾಗುತ್ತಿದ್ದೆ. ಅವನು ಕದ್ದದ್ದು ಒಂದು ಕೋಟು, ಒಂದು ಗಡಿಯಾರ. ಕೋಟಿನೊಳಗೆ ಗಡಿಯಾರ ಬಚ್ಚಿಟ್ಟುಕೊಂಡು ಬೀದಿ ತಿರುಗುವಾಗ ಅದು ಗಂಟೆ ಹೊಡೆಯಿತಂತೆ. ಮುಂದಿನದೆಲ್ಲ ನಾನು ಹೇಳುತ್ತಿದ್ದೆ: ವಿಚಾರಣೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು, ಹಡಗಿಗೆ ಕಾಯುವುದು ವರ್ಷಗಟ್ಟಲೆ, ಆಮೇಲೆ ಸಮುದ್ರ, ಸುಣ್ಣದ ಕಲ್ಲು, ಬಿಸಿಲು. ಶಿಕ್ಷೆಯ ಅವಧಿ ಮುಗಿದ ಮೇಲೂ ಅವನು ಊರಿಗೆ ಹಿಂದಿರುಗಲಿಲ್ಲ. ಇಲ್ಲೇ ಬೇಲಿ ಕಟ್ಟಿಕೊಂಡು, ಬೇರೆಯವರ ಕುರಿ ಕಾಯ್ದುಕೊಂಡು ಸತ್ತ.

ನನ್ನ ಬಣ್ಣ ನೋಡಿ ಒಬ್ಬರಾದರೂ ಕೇಳುತ್ತಿದ್ದರು, ಆಗಿನ ಕೈದಿಗಳಲ್ಲಿ ಇಂಡಿಯಾದವರೂ ಇದ್ದರೇ ಎಂದು. "ಇಲ್ಲ ಸ್ವಾಮಿ, ಹಡಗು ಇಳಿದಾಗ ಬೆಳ್ಳಗೇ ಇದ್ದೆ, ಬಿಸಿಲಿಗೆ ಬಿಟ್ಟುಬಿಟ್ಟು ಹೀಗೆ ಮಾಡಿದರು" ಎಂದು ಲಂಡನ್ನಿನ ಗಲ್ಲಿಯ ದನಿಯಲ್ಲಿ ಹೇಳುತ್ತಿದ್ದೆ. ಜನ ನಗುತ್ತಿದ್ದರು. ದನಿ ಕದಿಯುವುದೊಂದು ನನಗೆ ಬರುತ್ತಿದ್ದ ವಿದ್ಯೆ. ಮೈಸೂರಿನ ಶಾಲೆಯಲ್ಲಿ ಹೆಡ್‌ಮಾಸ್ತರರ ಕೆಮ್ಮಿನಿಂದ ಶುರುವಾದದ್ದು, ಅಡಿಲೇಡಿನ ಯೂನಿವರ್ಸಿಟಿಯಲ್ಲಿ ಪ್ರೊಫೆಸರರ ಮೂಗುದನಿಯವರೆಗೂ ಬಂದಿತ್ತು. ಬೆಡ್‌ಫರ್ಡ್ ಪಾರ್ಕಿನ ಆ ಕ್ಯಾಂಪಸ್ಸಿನಲ್ಲಿ ಎರಡು ವರ್ಷ ಓದಿದೆ. ತಮ್ಮ ಊರಿಗೆ ಕೈದಿಗಳೇ ಬರಲಿಲ್ಲ, ಬಂದವರೆಲ್ಲ ಮರ್ಯಾದಸ್ಥರು ಎಂಬುದು ಅಲ್ಲಿಯವರ ಹೆಮ್ಮೆ. ನನ್ನ ಅಡುಗೆ ತಿಂದ ಮೇಲೂ ಅಲ್ಲಿಯ ರೂಮ್ ಮೇಟುಗಳು ನನ್ನನ್ನು ಇಟ್ಟುಕೊಂಡಿದ್ದರಿಂದ ಆ ಮಾತನ್ನು ನಾನು ನಂಬುತ್ತೇನೆ.

ಡಿಗ್ರಿ ಮುಗಿದ ಮೇಲೆ ಪರ್ತಿಗೆ ಬಂದು, ಮೈಸೂರಿನವರೇ ಆದ ಒಬ್ಬ ಅಂಕಲ್ ಆಂಟಿಯ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಹಿಡಿದೆ. ಸಂಬಂಧಿಕರಲ್ಲ. ಅಂಕಲ್ ಪರ್ತ್ ಸಿಟಿಯಲ್ಲಿ ಗಣಿ ಕಂಪನಿಯೊಂದರ ಇಂಜಿನಿಯರು. ಕತ್ತಿನಲ್ಲಿ ಸದಾ ಆಫೀಸಿನ ಕಾರ್ಡು. ನಾನು ಅವರೆದುರೇ ಅವರ ಮಿಮಿಕ್ರಿ ಮಾಡುತ್ತಿದ್ದೆ: ಮೊದಲು ಗಂಟಲು ಸರಿಮಾಡಿಕೊಂಡು, "ನೋಡು ಮರಿ, ಟೆಕ್ನಿಕಲಿ..." ಎಂದು ಶುರುಮಾಡುವುದು. ಆಂಟಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಅಂಕಲ್ ಮಾತ್ರ "ನಾನು ಹಾಗೆ ಮಾತಾಡಲ್ಲ ಕಣಯ್ಯ. ಟೆಕ್ನಿಕಲಿ ನೋಡಿದ್ರೆ..." ಎನ್ನುತ್ತಿದ್ದರು.

ಆ ವರ್ಷ ಅವರು ಮನೆ ಕೊಂಡರು. ಅದೇ ವರ್ಷ ನಾನು ಈ ದೇಶದಲ್ಲಿ ಕಾಯಂ ಆಗಿ ಉಳಿಯಲು ಅರ್ಜಿ ಹಾಕಿ ಕಾಯುತ್ತಿದ್ದೆ. ಕೊಂಡ ಮನೆ ತಕ್ಷಣ ಕೈಗೆ ಬರುವುದಿಲ್ಲ ಇಲ್ಲಿ. ಬ್ಯಾಂಕು, ವಕೀಲರು ಎಲ್ಲ ಮುಗಿಸಿ ಒಂದು ದಿನ ಬೀಗದ ಕೈ ಕೊಡುತ್ತಾರೆ. ಆ ದಿನ ಮೊದಲು ಜ್ಯೇಷ್ಠ ಮಾಸದಲ್ಲಿ ಬಿದ್ದಿತ್ತು. ಮೈಸೂರಿನಲ್ಲಿ ಪೌರೋಹಿತ್ಯ ಮಾಡುವ ಆಂಟಿಯ ಅಣ್ಣ ವಾಟ್ಸಪ್ಪಿನಲ್ಲೇ ಗೃಹಪ್ರವೇಶದ ಮುಹೂರ್ತ ಇಟ್ಟುಕೊಟ್ಟಿದ್ದರು. ಆಮೇಲೆ ಬ್ಯಾಂಕಿನವರು ಏನೋ ಕಾರಣಕ್ಕೆ ದಿನ ಮುಂದೂಡಿದರು. ಮುಂದಕ್ಕೆ ಹೋದರೆ ಆಷಾಢ.

"ಆಷಾಢದಲ್ಲಿ ಹೊಸ ಮನೆಗೆ ಕಾಲಿಡೋದಾ? ನಾನು ಬರಲ್ಲಪ್ಪ," ಎಂದರು ಆಂಟಿ. "ಶ್ರಾವಣದವರೆಗೂ ಇಲ್ಲೇ ಇರ್ತೀನಿ."

"ಎರಡು ಕಡೆ ಖರ್ಚು ಯಾರು ಕೊಡ್ತಾರೆ?" ಅಂಕಲ್ ಗಂಟಲು ಸರಿಮಾಡಿಕೊಂಡರು. "ನೋಡು, ಟೆಕ್ನಿಕಲಿ, ಮುಹೂರ್ತದಲ್ಲಿ ಒಲೆ ಮೇಲೆ ಹಾಲು ಉಕ್ಕಿದ್ರೆ ಸಾಕಲ್ವಾ? ಸಾಮಾನು ಯಾವಾಗ ಸಾಗಿಸಿದ್ರೇನು?"

ಬೀಗದ ಕೈ ಬರದಿದ್ದರೂ ಮೊದಲಿಟ್ಟ ಮುಹೂರ್ತಕ್ಕೇ ಹಾಲುಕ್ಕಿಸುವುದೆಂದು ನಿರ್ಧಾರವಾಯಿತು. ಮನೆ ಖಾಲಿಯಿತ್ತು. ಮಾರಿದ ಮುದುಕಿ ಆಗಲೇ ಹೊರಟುಹೋಗಿದ್ದಳು. ಬಟ್ಟೆ ಒಗೆಯುವ ಕೋಣೆಯ ಕಿಟಕಿಗೆ ಚಿಲಕವಿಲ್ಲ ಎಂದು ಮನೆ ತಪಾಸಣೆ ಮಾಡಿದವನು ತಿಳಿಸಿದ್ದ. ಅಂಕಲ್ ಹೊಟ್ಟೆ ಆ ಕಿಟಕಿಯಲ್ಲಿ ತೂರುವಂಥದ್ದಲ್ಲ.

"ನೀನು ಒಳಗೆ ಹೋಗಿ ಮುಂಬಾಗಿಲು ತೆಗೆದ್ರೆ ಆಯ್ತು ಮರಿ. ನಮ್ಮನೆಯೇ ಅಲ್ವಾ."

"ಪಾಯಸ ಇರುತ್ತಾ ಅಂಕಲ್?" ಎಂದು ಕೇಳಿದೆ. ನಾನು ಕೇಳಿದ ಪ್ರಶ್ನೆ ಅದೊಂದೇ.

ಅದು ಶನಿವಾರ. ಅಲ್ಲಿಂದ ಸೀದಾ ಜೈಲಿಗೆ ಡ್ಯೂಟಿಗೆ ಹೋಗಬೇಕಿದ್ದುದರಿಂದ ನಾನು ಕೈದಿಯ ಬಟ್ಟೆಯಲ್ಲೇ ಇದ್ದೆ. ಮೇಲೊಂದು ಜಾಕೆಟ್ ಹಾಕಿಕೊಂಡಿದ್ದೆ. ಕಿಟಕಿಯಲ್ಲಿ ಜಾಕೆಟ್ ಸಿಕ್ಕಿಕೊಂಡಿತೆಂದು ಅದನ್ನು ಬಿಚ್ಚಿ ಹುಲ್ಲಿನ ಮೇಲೆ ಎಸೆದು ನುಗ್ಗಿದೆ. ಬೇಲಿಯಾಚೆ ಒಬ್ಬಾತ ಫೋನು ಹಿಡಿದು ನಿಂತದ್ದು ನನಗೆ ಕಾಣಿಸಲಿಲ್ಲ.

ಒಳಗೆಲ್ಲ ಸೋಪಿನ ವಾಸನೆ. ಬಾಗಿಲು ತೆಗೆದೆ. ಆಂಟಿ ಬಲಗಾಲಿಟ್ಟು ಬಂದರು. ಕ್ಯಾಂಪಿಂಗಿಗೆ ಒಯ್ಯುವ ಪುಟ್ಟ ಗ್ಯಾಸ್ ಒಲೆಗೆ ಅರಿಶಿನ ಕುಂಕುಮ ಹಚ್ಚಿ, ಅಡುಗೆಮನೆಯ ನೆಲದ ಮೇಲೆ ಹಾಲಿಟ್ಟರು. ಅಂಕಲ್ ಮೊಬೈಲಿನಲ್ಲಿ ದಿಕ್ಸೂಚಿ ತೆಗೆದು ಪೂರ್ವ ಯಾವುದೆಂದು ತೋರಿಸಿದರು. ಹಾಲು ಉಕ್ಕಿ ಪೂರ್ವಕ್ಕೇ ಹರಿಯಿತು. ಆಂಟಿಯ ಕಣ್ಣಲ್ಲಿ ನೀರು. ಆಗ ಅಂಕಲ್, ಯಾರೂ ಕೇಳದಿದ್ದರೂ, ಸಾಂಬ್ರಾಣಿ ಹಾಕಿಬಿಟ್ಟರು. ಚಾವಣಿಯ ಸ್ಮೋಕ್ ಅಲಾರಂ ಬೀದಿಗೆಲ್ಲ ಕೇಳುವಂತೆ ಬಡಿದುಕೊಳ್ಳತೊಡಗಿತು. ನಾನು ಕೈದಿಯ ಬಟ್ಟೆಯಲ್ಲಿ ಕುರ್ಚಿಯೂ ಇಲ್ಲದ ಮನೆಯಲ್ಲಿ ಎಗರಿ ಎಗರಿ ಟವಲ್ಲಿನಿಂದ ಅದಕ್ಕೆ ಗಾಳಿ ಬೀಸುತ್ತಿದ್ದಾಗ ಇಬ್ಬರು ಪೊಲೀಸರು ಬಾಗಿಲಲ್ಲಿ ನಿಂತಿದ್ದರು.

ಒಬ್ಬ ನನ್ನಷ್ಟೇ ವಯಸ್ಸಿನವನು. ನನ್ನ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿ, ಸಹೋದ್ಯೋಗಿಯ ಕಡೆ ನೋಡಿ, ಮತ್ತೆ ನನ್ನನ್ನು ನೋಡಿದ. ನಗಲಿಲ್ಲ. ಅದಕ್ಕೇ ನನಗೆ ಭಯವಾದದ್ದು. ಈ ಬಟ್ಟೆ ನೋಡಿ ನಗದವನನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಈ ಮನೆ ಕೊಂಡವನು ನಾನು," ಎಂದರು ಅಂಕಲ್.

"ಬೀಗದ ಕೈ ಕೊಟ್ಟಿದ್ದಾರಾ?"

"ಇನ್ನೂ ಇಲ್ಲ."

"ಹಾಗಾದರೆ ಮನೆ ಇನ್ನೂ ಅವರದು. ಕಿಟಕಿಯಿಂದ ನುಗ್ಗಿದವರು ಯಾರು?"

ಅಂಕಲ್ ಕತ್ತಿನ ಕಾರ್ಡನ್ನು ಬೆರಳಿಂದ ಹಿಡಿದುಕೊಂಡರು. ಶನಿವಾರವೂ ಹಾಕಿಕೊಂಡಿದ್ದರು. ಗಣಿ ಕಂಪನಿಗಳು ಗುಂಪುಗುಂಪಾಗಿ ಜನರನ್ನು ಕೆಲಸದಿಂದ ಮನೆಗೆ ಕಳಿಸುತ್ತಿದ್ದ ವರ್ಷ ಅದು. ಅವರು ಗಂಟಲು ಸರಿಮಾಡಿಕೊಂಡರು, ಆದರೆ ಮಾತು ಬರಲಿಲ್ಲ. ಆಂಟಿ ಅವರ ಮುಖ ನೋಡುತ್ತಿದ್ದರು. ನಾನೇ ಕ್ಲಾಸಿನಲ್ಲಿ ಎತ್ತುವಂತೆ ಕೈ ಎತ್ತಿದೆ.

ಸ್ಟೇಷನ್ನಿನಲ್ಲಿ ಆ ಎಳೆಯ ಕಾನ್‌ಸ್ಟೇಬಲ್ ಮರ್ಯಾದೆಯಾಗಿಯೇ ಮಾತಾಡಿಸಿದ. ನೀರು ಕೊಟ್ಟ. ಯಾವ ವೀಸಾ ಎಂದು ಕೇಳಿದ. ಅನುಮತಿಯಿಲ್ಲದೆ ಇನ್ನೊಬ್ಬರ ಮನೆಗೆ ನುಗ್ಗುವುದು ಏನೆಂದು ಗೊತ್ತೇ ಎಂದ. ಗೊತ್ತು, ಪ್ರತಿ ವಾರಾಂತ್ಯ ಅದನ್ನೇ ಜನರಿಗೆ ವಿವರಿಸುತ್ತೇನೆ ಎಂಬ ಉತ್ತರ ನಾಲಗೆ ತುದಿಗೆ ಬಂದು, ಬಾಯಿ ಒಣಗಿದ್ದರಿಂದ ಅಲ್ಲೇ ಅಂಟಿಕೊಂಡಿತು. ಮನೆಯ ಒಡತಿಯನ್ನು ವಿಚಾರಿಸಿ, ಕೇಸು ಹಾಕುವುದೋ ಬಿಡುವುದೋ ತಿಳಿಸುತ್ತೇವೆ, ಫೋನು ಹತ್ತಿರವಿರಲಿ ಎಂದು ಕಳಿಸಿದ.

ಕಾಯುವುದು ಅಲ್ಲಿಂದ ಶುರುವಾಯಿತು. ಕೇಸು ಬಿದ್ದರೆ ನನ್ನ ಅರ್ಜಿ ಉಳಿಯುವುದಿಲ್ಲ ಎಂಬುದು ಗೊತ್ತಿತ್ತು. ಜೈಲಿನ ಗೈಡುಗಳ ಕೋಣೆಯಲ್ಲಿ ಕೂತು ಲೆಕ್ಕ ಹಾಕಿದೆ: ಆ ಹುಡುಗ ಕನ್ನ ಹಾಕಿದ್ದಕ್ಕೆ ಈ ದೇಶಕ್ಕೆ ಕಳಿಸಿದರು, ನಾನು ಕನ್ನ ಹಾಕಿದ್ದಕ್ಕೆ ಈ ದೇಶದಿಂದ ಕಳಿಸುತ್ತಾರೆ. ಚೆನ್ನಾಗಿದೆ ಜೋಕು, ಟೂರಿನಲ್ಲಿ ಸೇರಿಸಬಹುದು ಅನ್ನಿಸಿ, ಮರುಕ್ಷಣ ಫೋನು ತೆಗೆದು ನೋಡಿದೆ. ಆ ವಾರ ನನ್ನ ಗುಂಪಿನವರಿಗೆ ಹಡಗಿಗೆ ಕಾಯುವ ಭಾಗವನ್ನು ಹೇಳುತ್ತ ಹೇಳುತ್ತ ನಿಲ್ಲಿಸಿಬಿಟ್ಟೆ. ಹಡಗು ಹತ್ತಿದ ಮೇಲೆ ಹೇಗೋ ಆಗುತ್ತದೆ. ಯಾವತ್ತು ಎಂದು ತಿಳಿಯದೆ ಪ್ರತಿ ಹೆಜ್ಜೆ ಸಪ್ಪಳಕ್ಕೂ ಎದ್ದು ಕೂರುವುದಿದೆಯಲ್ಲ, ಅದನ್ನು ಅದುವರೆಗೆ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. ಗುಂಪಿನಲ್ಲಿದ್ದ ಅಜ್ಜಿಯೊಬ್ಬಳು, "ಎಷ್ಟು ಚೆನ್ನಾಗಿ ನಟಿಸುತ್ತೀಯಪ್ಪ" ಎಂದಳು.

ಮನೆಯಲ್ಲಿ ಅಂಕಲ್ ನನ್ನ ಕಣ್ಣು ತಪ್ಪಿಸತೊಡಗಿದರು. ನಾನು ಅಡುಗೆಮನೆಗೆ ಬಂದರೆ ಅವರು ಹಿತ್ತಿಲಿಗೆ. ಆಂಟಿ ಮಾತ್ರ ತಟ್ಟೆಗೆ ಬಡಿಸಿ ಎದುರು ಕೂರುತ್ತಿದ್ದರು. "ತಿನ್ನೋ ಪುಟ್ಟಾ." ತಟ್ಟೆ ಹಾಗೇ ಉಳಿಯುತ್ತಿತ್ತು. ಫೋನು ಮಗ್ಗುಲಲ್ಲೇ ಇರುತ್ತಿತ್ತು. ಒಮ್ಮೆ ಮೈಸೂರಿನಿಂದ ಅಪ್ಪ ಫೋನ್ ಮಾಡಿದಾಗ ನಾನು ನನ್ನದೇ ಮಿಮಿಕ್ರಿ ಮಾಡಿದೆ. ಏನೂ ಆಗದವನ ಮಿಮಿಕ್ರಿ. ಅಪ್ಪ ನಂಬಿದರು.

ಅಕ್ಕ ನಂಬಲಿಲ್ಲ. ಅವಳು ಬ್ರಿಸ್ಬೇನಿನಲ್ಲಿದ್ದಳು, ಫೋರ್ಟಿಟ್ಯೂಡ್ ವ್ಯಾಲಿಯ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ದನಿ ಕೇಳಿದವಳೇ, "ಲೋ, ಒಂದು ಸಲವಾದ್ರೂ ನನ್ನ ಅಣಕಿಸಿಲ್ಲ ಇವತ್ತು. ಏನ್ ಮಾಡ್ಕೊಂಡಿದೀಯ?" ಎಂದಳು. ಹೇಳಿದೆ. ಅವಳೇ ವಿಮಾನದ ಟಿಕೆಟ್ ಕಳಿಸಿದಳು.

ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಮತ್ತೆ ತಪ್ಪು ಮಾಡಿದ ಕೈದಿಗಳನ್ನು ಹಿಂದೆ ಬ್ರಿಸ್ಬೇನಿಗೆ ಕಳಿಸುತ್ತಿದ್ದರು. ಈ ಮಾಹಿತಿಯನ್ನು ನಾನು ಅಕ್ಕನಿಗೆ ವಿಮಾನ ನಿಲ್ದಾಣದಲ್ಲಿ ಕೊಟ್ಟೆ. ಅವಳು ಕಾರಿನ ಬಾಗಿಲು ದಢಾರನೆ ಹಾಕಿದಳು. ಮಧ್ಯಾಹ್ನ ತನ್ನ ಆಫೀಸಿನ ಹತ್ತಿರವೇ ಇದ್ದ ಒಬ್ಬ ವೀಸಾ ಏಜೆಂಟನ ಬಳಿ ಕೂರಿಸಿದಳು. ಆತ ಎಲ್ಲ ಕೇಳಿ, ಹಾಲನ್ನು ಬೇಕೆಂದೇ ಉಕ್ಕಿಸಿದಿರಾ ಎಂದು ಎರಡು ಸಲ ಕೇಳಿ, ಕೊನೆಗೆ ಹೇಳಿದ್ದು ಇಷ್ಟು: ಕೇಸಾಗದಿದ್ದರೆ ಹೆದರಬೇಡ, ಆದರೆ ಅರ್ಜಿಯಲ್ಲಿ ಮುಚ್ಚಿಡುವ ಹಾಗಿಲ್ಲ, ಕೇಸಾದರೆ ನನ್ನ ಕೈಯಲ್ಲೂ ಇಲ್ಲ. ನೀನಾಗಿ ಒಡತಿಯನ್ನು ಹುಡುಕಿಕೊಂಡು ಹೋಗಬೇಡ.

ಹೊರಗೆ ಬಂದ ಮೇಲೆ ಅಕ್ಕ ಫುಟ್‌ಪಾತಿನ ಮೇಲೇ ನಿಂತಳು. "ನಿನ್ನ ಆ ಅಂಕಲ್ ಪೊಲೀಸರಿಗೆ ಒಂದು ಮಾತು ಹೇಳಲಿಲ್ವೇನೋ? ನಾನೇ ಕಳಿಸಿದ್ದು ಅಂತ?"

"ಗಂಟಲು ಸರಿಮಾಡ್ಕೊಂಡ್ರು ಕಣೇ. ಅಷ್ಟರಲ್ಲಿ ಟೈಮ್ ಆಗೋಯ್ತು."

"ಇದಕ್ಕೂ ತಮಾಷೆನಾ. ನಿನಗೆ ಭಯ ಆಗಲ್ವಾ?"

"ಆಗತ್ತೆ," ಎಂದೆ. ಅದನ್ನು ಯಾವ ದನಿಯಲ್ಲಿ ಹೇಳಬೇಕೆಂದು ತಿಳಿಯದೆ ಬರಿದೇ ಹೇಳಿದೆ. ಅವಳು ಮುಂದೆ ಬೈಯಲಿಲ್ಲ. ನನ್ನ ತೋಳು ಹಿಡಿದುಕೊಂಡೇ ನಡೆದಳು, ರಸ್ತೆ ದಾಟುವಾಗ ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದಂತೆ.

ಪರ್ತಿಗೆ ಮರಳಿದ ದಿನವೇ ಅಂಕಲ್ ನನ್ನ ಕೋಣೆಯ ಬಾಗಿಲಿಗೆ ಬಂದರು. ಮನೆ ಮಾರಾಟ ಮಾಡಿಸಿದ ಏಜೆಂಟ್ ಫೋನ್ ಮಾಡಿದ್ದನಂತೆ. ಒಡತಿ ಅಡಿಲೇಡಿನಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಪೊಲೀಸರಿಗೆ ಇನ್ನೂ ಏನೂ ಹೇಳಿಲ್ಲ. ನಮ್ಮಿಬ್ಬರ ಮುಖ ನೋಡದೆ ಹೇಳುವುದೂ ಇಲ್ಲವಂತೆ.

"ಅವರಾಗಿ ಕರೆದಿದ್ದಾರೆ. ಹೋಗೋಣ ಮರಿ," ಎಂದರು. ಎಷ್ಟೋ ದಿನಗಳ ಮೇಲೆ ನನ್ನನ್ನು ಮರಿ ಎಂದದ್ದು.

ತಂಗಿಯ ಮನೆ ಬೆಡ್‌ಫರ್ಡ್ ಪಾರ್ಕಿನಲ್ಲಿ, ದೊಡ್ಡಾಸ್ಪತ್ರೆಯ ಹಿಂದಿನ ಏರಿನಲ್ಲಿತ್ತು. ನಾನು ಓದುವಾಗ ದಿನಾ ಬಸ್ಸಿಳಿಯುತ್ತಿದ್ದ ಜಾಗ. ಈ ಊರಿಗೆ ಕೈದಿಗಳು ಬಂದಿರಲಿಲ್ಲ, ಇಗೋ ಬಂದೆ ಎಂದು ಅಂಕಲ್‌ಗೆ ಹೇಳೋಣವೆಂದುಕೊಂಡೆ. ಅವರ ಮುಖ ನೋಡಿ ಸುಮ್ಮನಾದೆ. ಕೈಯಲ್ಲಿ ಆಂಟಿ ಕಟ್ಟಿಕೊಟ್ಟಿದ್ದ ಕೊಬ್ಬರಿ ಮಿಠಾಯಿ ಡಬ್ಬಿ ಹಿಡಿದು, ಗೇಟಿನ ಮುಂದೆ ಎರಡು ಸಲ ಹಿಂದೆ ಮುಂದೆ ನಡೆದಾಡಿದರು.

ಮುದುಕಿ ಎತ್ತರದವಳು, ನೆಟ್ಟಗೆ ಕೂತಿದ್ದಳು. ಟೀ ಕೊಟ್ಟಳು. ಡಬ್ಬಿಯನ್ನು ಮುಟ್ಟಲಿಲ್ಲ.

"ನನ್ನ ಮನೆಯಲ್ಲಿ ಏನು ಮಾಡಿದಿರಿ, ಹೇಳಿ."

ಅಂಕಲ್ ಹೇಳಿದರು. ಹಾಲು, ಉಕ್ಕುವುದು, ಪೂರ್ವ, ಆಷಾಢ. ಒಂದು ತಿಂಗಳಿಡೀ ಹೇಗೆ ಅಶುಭವಾಗುತ್ತದೆ ಎಂದು ವಿವರಿಸುವಾಗ ಎರಡು ಸಲ 'ಟೆಕ್ನಿಕಲಿ' ಎಂದರು. ನಾನು ಲೋಟದೊಳಗೆ ನೋಡುತ್ತಿದ್ದೆ.

"ಎಲ್ಲಿ ಉಕ್ಕಿಸಿದಿರಿ?"

"ಅಡುಗೆಮನೆ ನೆಲದ ಮೇಲೆ."

"ಆ ನೆಲವನ್ನು ಮಂಡಿಯೂರಿ ಉಜ್ಜಿ ಬಂದಿದ್ದೆ. ಬರುವವರು ನೋಡಿ ಒಳ್ಳೆಯ ಮಾತಾಡಲಿ ಎಂದು." ಮತ್ತೆ ಹೇಳಿದಳು: "ಆ ಕಿಟಕಿಗೆ ಚಿಲಕವಿಲ್ಲ ಎಂದು ನೀವೇ ಅಲ್ಲವೇ ನನ್ನ ಬೆಲೆ ಇಳಿಸಿದ್ದು?"

ಅಂಕಲ್ ತಲೆ ತಗ್ಗಿಸಿದರು. ಬೇರೆ ದಿನವಾಗಿದ್ದರೆ ಈ ಒಂದು ಮಾತನ್ನು ಅಣಕಿಸಿಕೊಂಡೇ ನಾನು ಒಂದು ವರ್ಷ ಕಳೆಯುತ್ತಿದ್ದೆ.

"ಇವರು ಒಳಗೆ ಹೋಗಲು ನಿಮ್ಮ ಒಪ್ಪಿಗೆ ಇತ್ತೇ ಎಂದು ಪೊಲೀಸ್ ಹುಡುಗ ಕೇಳುತ್ತಿದ್ದಾನೆ," ಎಂದಳು. "ಇತ್ತು ಎಂದರೆ ಮುಗಿದುಹೋಗುತ್ತದೆ ಅಂತ ಏಜೆಂಟ್ ಹೇಳಿದ. ಆದರೆ ಇರಲಿಲ್ಲ. ಈ ವಯಸ್ಸಿನಲ್ಲಿ ಪೊಲೀಸರ ಮುಂದೆ ಸುಳ್ಳು ಹೇಳುವವಳಲ್ಲ ನಾನು."

ಕಿಟಕಿಯಾಚೆ ವಿದ್ಯಾರ್ಥಿಗಳು ಬ್ಯಾಗು ಹೊತ್ತು ಏರು ಹತ್ತುತ್ತಿದ್ದರು. ನಾನು ಅವರನ್ನು ಈಗಾಗಲೇ ದೂರದಿಂದ, ಮೈಸೂರಿನಿಂದ ನೋಡುತ್ತಿರುವಂತಿತ್ತು.

ಅಂಕಲ್ ಗಂಟಲು ಸರಿಮಾಡಿಕೊಂಡರು. ನಾನು ಏನನ್ನೂ ನಿರೀಕ್ಷಿಸಲಿಲ್ಲ.

"ಸುಳ್ಳು ಹೇಳಬೇಡಿ," ಎಂದರು. "ಇವನನ್ನು ಕಳಿಸಿದವನು ನಾನು. ಅವತ್ತೇ ಹೇಳಬೇಕಿತ್ತು, ಕೆಲಸ ಹೋಗುತ್ತದೆಂದು ಬಾಯಿ ಬರಲಿಲ್ಲ. ನನ್ನನ್ನೇನೂ ಇಲ್ಲಿಂದ ಯಾರೂ ಕಳಿಸುವ ಹಾಗಿಲ್ಲ, ನಾನು ಇಲ್ಲಿಯ ಪ್ರಜೆ. ಇವನನ್ನು ಕಳಿಸಬಹುದು. ಗೊತ್ತಿದ್ದೂ ಸುಮ್ಮನಿದ್ದೆ."

"ನನಗೆ ಹೇಳಿ ಏನು ಪ್ರಯೋಜನ? ಅವರಿಗೆ ಹೇಳಿ. ಈಗಲೇ."

ಅಂಕಲ್ ಅಲ್ಲೇ ಫೋನ್ ಹಚ್ಚಿದರು. ಮುದುಕಿ ಸ್ಪೀಕರ್ ಹಾಕುವಂತೆ ಸನ್ನೆ ಮಾಡಿದಳು. ಕಾನ್‌ಸ್ಟೇಬಲ್ ಸಿಕ್ಕಿದ. ಅಂಕಲ್ ಹೆಸರು ಹೇಳಿ, ಯೋಜನೆ ತಮ್ಮದು, ಕಿಟಕಿ ತೋರಿಸಿದ್ದು ತಾವು, ಮನೆ ತಮ್ಮದೇ ಎಂದು ಹುಡುಗನಿಗೆ ಹೇಳಿದ್ದೂ ತಾವೇ ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಹುರುಪು ಬಂದುಬಿಟ್ಟಿತ್ತು ಅವರಿಗೆ. "ಹುಡುಗ ಎರಡು ಸಲ ಬೇಡ ಅಂದ. ನಾನೇ ಬಲವಂತ ಮಾಡಿದೆ."

ಮುದುಕಿ ನನ್ನ ಕಡೆ ತಿರುಗಿದಳು. ಬರೀ ನೋಡಿದಳು. ಸುಮ್ಮನೆ ಕೂತರೆ ಅಂಕಲ್ ಕೊಟ್ಟ ಆ ಮಾತು ನನ್ನ ಪಾಲಿಗೆ ಚಿನ್ನ. ಸುಳ್ಳೆಂದು ಅವಳಿಗೆ ಅನ್ನಿಸಿದರೆ ಎಲ್ಲವೂ ಸುಳ್ಳಾಗುತ್ತಿತ್ತು. ಇವೆರಡನ್ನೂ ತೂಗಿ ನೋಡುವಷ್ಟು ಪುರುಸೊತ್ತು ನನ್ನ ನಾಲಗೆ ಕೊಡಲಿಲ್ಲ.

"ಬೇಡ ಅನ್ನಲಿಲ್ಲ ಸರ್," ಎಂದೆ ಫೋನಿನ ಕಡೆಗೆ. "ಪಾಯಸ ಇದೆಯಾ ಅಂತ ಕೇಳಿದೆ. ಒಂದು ಸಿಹಿ. ಅಷ್ಟೇ ಕೇಳಿದ್ದು."

ಆಚೆಯಿಂದ ಕೀಬೋರ್ಡು ಕುಟ್ಟುವ ಸದ್ದು ಕೇಳಿತು. ಆಮೇಲೆ ಕಾನ್‌ಸ್ಟೇಬಲ್, "ಇತ್ತಾ?" ಎಂದ.

"ಅಲಾರಂ ಹೊಡೆದುಕೊಂಡಿತು ಸರ್. ಅಲ್ಲಿಯವರೆಗೂ ಹೋಗಲಿಲ್ಲ."

ಮುದುಕಿ ಫೋನನ್ನು ತನ್ನ ಕಡೆ ಎಳೆದುಕೊಂಡಳು. ಒಪ್ಪಿಗೆ ಕೊಟ್ಟಿರಲಿಲ್ಲ ಎಂದಳು. ಏನೂ ಹೋಗಿಲ್ಲ, ಏನೂ ಮುರಿದಿಲ್ಲ, ಇವರು ಕದಿಯಲು ಬಂದವರಲ್ಲ, ಇದನ್ನು ಮುಂದುವರಿಸುವುದು ತನಗೆ ಬೇಡ ಎಂದಳು. ಕಾನ್‌ಸ್ಟೇಬಲ್ ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಇಟ್ಟ. ನಾವು ಆ ಕೋಣೆಯಲ್ಲಿ ಹಾಗೇ ಕೂತೆವು. ಟೀ ಆರಿತು. ಅಂಕಲ್ ಕತ್ತಿನ ಕಾರ್ಡನ್ನು ತಿರುವಿ ತಿರುವಿ ನೋಡಿದರು.

ಅವನು ಮತ್ತೆ ಫೋನ್ ಮಾಡಿದಾಗ ಮುದುಕಿಯೇ ಎತ್ತಿದಳು. ಕೇಸಿಲ್ಲ. ಇಬ್ಬರಿಗೂ ಎಚ್ಚರಿಕೆ. ಇನ್ನು ಮೇಲೆ ಬೀಗದ ಕೈ ಬರುವವರೆಗೆ ಯಾರ ಮನೆಯಲ್ಲೂ ಏನನ್ನೂ ಉಕ್ಕಿಸಬಾರದು.

ನಾವು ಏಳುವಾಗ ಅವಳು ಅಂಕಲ್‌ಗೆ ಹೇಳಿದಳು: "ನೀವು ಮಾಡಿದ ಪೂಜೆ ನನ್ನ ಮನೆಗೆ ಸೇರಿತು. ನಿಮ್ಮ ಮನೆಗಲ್ಲ. ನಿಮ್ಮದಾದ ದಿನ ಮತ್ತೆ ಮಾಡಿಕೊಳ್ಳಿ. ನೆಲ ಒರೆಸಿ ಮಾಡಿ."

ಬಸ್ ಸ್ಟಾಪಿನಲ್ಲಿ ಅಂಕಲ್ ಆಂಟಿಗೆ ಫೋನ್ ಮಾಡಿದರು. ಮೊದಲು ಹೇಳಿದ್ದು ನನ್ನ ವಿಷಯ. ಆಮೇಲೆ, ಅವರು ಹೀಗಂದರು ಎಂದು ಮುದುಕಿಯ ಮಾತು. ಬೀಗದ ಕೈ ಸಿಗುವುದು ಆಷಾಢದ ನಟ್ಟನಡುವೆ. ಆಂಟಿ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಹೌದಲ್ವೇನ್ರಿ. ಅವರ ಮನೆಗೆ ಮಾಡಿದ ಹಾಗಾಯ್ತು." ಆಮೇಲೆ, "ಅಣ್ಣನ್ನ ಕೇಳಲ್ಲ ಬಿಡಿ. ಬೀಗದ ಕೈ ಬಂದ ದಿನಾನೇ ಉಕ್ಕಿಸೋಣ. ಆ ಹುಡುಗ ಏನಾದ್ರೂ ತಿಂದ್ನಾ?"

ಅಂಕಲ್ ನನ್ನ ಕಡೆ ನೋಡಿದರು. ಮುದುಕಿ ಹಿಂದಕ್ಕೆ ಕೊಟ್ಟುಬಿಟ್ಟಿದ್ದ ಡಬ್ಬಿಯನ್ನು ತೆರೆದು ನನ್ನ ಮುಂದೆ ಹಿಡಿದರು. ಬಸ್ಸು ಬರುವಷ್ಟರಲ್ಲಿ ಅರ್ಧ ಡಬ್ಬಿ ಖಾಲಿ ಮಾಡಿದೆ, ಅರ್ಜಿಯ ಉತ್ತರಕ್ಕೆಂದು ನನ್ನ ಫೋನು ಇನ್ನೂ ಎಡಗೈಯಲ್ಲೇ ಇತ್ತು.